ಕನ್ನಡ ಅಕ್ಷರ ಗಣಕದಲ್ಲಿ ಕೆಡುವುದೇಕೆ?

ಅಂತರಜಾಲದಲ್ಲಿ ಕನ್ನಡದ ಪುಟವೊಂದನ್ನು ತೆರೆದಾಗ ಕನ್ನಡದ ಅಕ್ಷರಗಳಿಗೆ ಬದಲಾಗಿ ಅರ್ಥವಿಲ್ಲದ ಚಿಹ್ನೆಗಳ ಸಾಲುಗಳು ಗೋಚರವಾಗುವುದುಂಟು. ನೆತ್ತಿಯ ಮೇಲೆ ಓರೆಗೆರೆಯನ್ನು ಹೊತ್ತ ರೋಮನ್ ಲಿಪಿಯ ‘ಎ’ ಅಕ್ಷರ, ಅದರ ಪಕ್ಕದಲ್ಲಿ ಘಾತಾಂಕದಂತೆ ಮೇಲೇರಿದ ಪುಟ್ಟ 2 ಅಥವಾ 3, ಬಳಿಕ ಒಂದು ಗುಂಡು ಚುಕ್ಕೆ, ಮತ್ತೆ ಅದೇ ಓರೆಗೆರೆಯ ‘ಎ’. ಹೀಗೆ ಪುಟದ ಉದ್ದಕ್ಕೂ ಒಂದೇ ರಾಗ. ಇನ್ನೊಂದು ಪುಟದಲ್ಲಿ ಅಕ್ಷರಗಳಿರಬೇಕಾದ ಎಡೆಯಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿ ನಿಂತಿರುತ್ತವೆ. ಮತ್ತೊಂದರಲ್ಲಿ ಬರಿಯ ಖಾಲಿ ಚೌಕಗಳು. ಒಂದು ಬ್ರೌಸರಿನಲ್ಲಿ ಸರಿಯಾಗಿ ಕಾಣುವ ಪುಟವೇ ಮತ್ತೊಂದು ಬ್ರೌಸರಿನಲ್ಲಿ ಕೆಟ್ಟು ಕಾಣುವ ಸಂದರ್ಭಗಳೂ ಅಪರೂಪವಲ್ಲ.

ಇಂಥ ವಿಕಾರಗಳನ್ನು ಕಂಡವರು ಯಂತ್ರವೇ ಕೆಟ್ಟಿದೆ ಎಂದೋ, ಕನ್ನಡಕ್ಕೂ ಗಣಕಕ್ಕೂ ಹೊಂದಿಕೆಯಾಗದು ಎಂದೋ ತೀರ್ಮಾನಿಸಿಬಿಡುತ್ತಾರೆ. ಈ ಎರಡು ತೀರ್ಮಾನಗಳೂ ಸರಿಯಲ್ಲ. ಯಂತ್ರ ತನಗೆ ಹೇಳಿದುದನ್ನು ಚಾಚೂ ತಪ್ಪದೆ ಮಾಡಿದೆ, ಹೇಳಿದುದರಲ್ಲಿಯೇ ಕೊರತೆಯಿದೆ. ಮೇಲೆ ಹೇಳಿದ ವಿಕಾರಗಳೆಲ್ಲ ಒಂದೇ ಬಗೆಯವೂ ಅಲ್ಲ. ಜ್ವರ, ಕೆಮ್ಮು, ನೋವುಗಳನ್ನು ನೋಡಿ ವೈದ್ಯನು ರೋಗವನ್ನು ಗುರುತಿಸುವಂತೆ, ಕೆಟ್ಟ ಅಕ್ಷರಗಳ ರೂಪವನ್ನು ನೋಡಿಯೇ ಅವು ಕೆಟ್ಟುದು ಎಲ್ಲಿ, ಅವನ್ನು ಮರಳಿ ಪಡೆಯಲು ಸಾಧ್ಯವೇ, ಅಥವಾ ಅವು ಶಾಶ್ವತವಾಗಿ ನಷ್ಟವಾಗಿವೆಯೇ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮಾನವಿಲ್ಲದ ಸಂಖ್ಯೆ

ಗಣಕದ ಸ್ಮೃತಿಯಲ್ಲಿ ಅಕ್ಷರಗಳಿಲ್ಲ. ಇರುವುದು ಸಂಖ್ಯೆಗಳು ಮಾತ್ರ. 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ರಚಿತವಾದ ಎಂಟು ಸ್ಥಾನಗಳ ಗುಂಪಿಗೆ ಬೈಟ್ ಎಂದು ಹೆಸರು. ಎಂಟು ಸ್ಥಾನಗಳಲ್ಲಿ ಎರಡು ಅಂಕಿಗಳನ್ನು 256 ವಿಧಗಳಲ್ಲಿ ಜೋಡಿಸಬಹುದಾದ್ದರಿಂದ ಒಂದು ಬೈಟು 0 ಯಿಂದ 255ರ ವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಹಿಡಿದಿಡಬಲ್ಲುದು. ಕವಿತೆಯಾಗಲಿ, ಚಿತ್ರವಾಗಲಿ, ಸಂಗೀತವಾಗಲಿ, ಗಣಕದೊಳಗೆ ಎಲ್ಲವೂ ಇಂಥ ಬೈಟುಗಳ ಸರಣಿಯೇ.

ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬನು ತನ್ನ ಪ್ರಯೋಗದ ಫಲವನ್ನು ‘5’ ಎಂದಷ್ಟೇ ಬರೆದು ತಂದರೆ ಅಧ್ಯಾಪಕರು ಅದನ್ನು ಒಪ್ಪುವುದಿಲ್ಲ. ಐದು ಏನು? ಮೀಟರೇ, ಸೆಕೆಂಡೇ, ಓಮೇ? ಮಾನವನ್ನು ಹೇಳದ ಹೊರತು ಆ ಸಂಖ್ಯೆಗೆ ಅರ್ಥವಿಲ್ಲ. ಬೈಟಿನ ಸ್ಥಿತಿಯೂ ಹೀಗೆಯೇ. ಅದನ್ನು ಯಾವ ಕೋಷ್ಟಕದ ಪ್ರಕಾರ ಓದಬೇಕೆಂದು ತಿಳಿಸಿದಾಗ ಮಾತ್ರ ಅದು ಅಕ್ಷರವಾಗುತ್ತದೆ. ಉದಾಹರಣೆಗೆ 224 ಎಂಬ ಬೈಟನ್ನು ತೆಗೆದುಕೊಳ್ಳೋಣ. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ರಚಿಸಿದ ಕೋಷ್ಟಕದಲ್ಲಿ ಅದು ಫ್ರೆಂಚ್ ಬರವಣಿಗೆಯಲ್ಲಿ ಬರುವ ಓರೆಗೆರೆಯ ‘ಎ’. ವಿಂಡೋಸ್ ವ್ಯವಸ್ಥೆಯ ರಷ್ಯನ್ ಕೋಷ್ಟಕದಲ್ಲಿ ಅದು ರಷ್ಯನ್ ವರ್ಣಮಾಲೆಯ ಮೊದಲನೆಯ ಅಕ್ಷರ. ಹೀಬ್ರೂ ಕೋಷ್ಟಕದಲ್ಲಿ ಅದು ‘ಆಲೆಫ್’. ಭಾರತದ ಇಸ್ಕಿ ಕೋಷ್ಟಕದಲ್ಲಿ ಅದು ಎತ್ವದ ಚಿಹ್ನೆ. ಬೈಟು ಒಂದೇ, ಓದುವ ಕೋಷ್ಟಕ ಬದಲಾದಂತೆ ಅಕ್ಷರವೂ ಬದಲಾಗುತ್ತದೆ.

ಬರೆದವನು ಒಂದು ಕೋಷ್ಟಕವನ್ನು ಅನುಸರಿಸಿ ಬರೆದು, ಓದುವವನು ಮತ್ತೊಂದನ್ನು ಅನುಸರಿಸಿ ಓದಿದಾಗ ಅಕ್ಷರಗಳು ಕೆಡುತ್ತವೆ. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿರಿಸಿಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಕೋಷ್ಟಕಗಳ ಕಥೆ

ಇಷ್ಟೊಂದು ಕೋಷ್ಟಕಗಳು ಏಕೆ ಹುಟ್ಟಿದುವು? 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಕೋಷ್ಟಕ ರೂಪುಗೊಂಡಿತು. ಅದರಲ್ಲಿ ಇದ್ದುವು 128 ಸ್ಥಾನಗಳು. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳಿಗೂ, ಅಂಕಿಗಳಿಗೂ, ಲೇಖನ ಚಿಹ್ನೆಗಳಿಗೂ ಅಷ್ಟು ಸಾಕಾಗಿತ್ತು. ಬೈಟಿನಲ್ಲಿ 256 ಸ್ಥಾನಗಳಿರುವುದರಿಂದ ಉಳಿದ 128 ಸ್ಥಾನಗಳು ಖಾಲಿ ಬಿದ್ದಿದ್ದುವು. ಖಾಲಿ ನಿವೇಶನ ಕಂಡರೆ ಹಲವರು ಬೇಲಿ ಹಾಕುವಂತೆ, ಈ ಸ್ಥಾನಗಳನ್ನು ಒಂದೊಂದು ದೇಶವೂ ಒಂದೊಂದು ಕಂಪೆನಿಯೂ ತನಗೆ ಬೇಕಾದ ಅಕ್ಷರಗಳಿಂದ ತುಂಬಿಕೊಂಡಿತು. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ 1987ರಲ್ಲಿ ಐಎಸ್‌ಒ 8859-1 ಎಂಬ ಅಂತರರಾಷ್ಟ್ರೀಯ ಕೋಷ್ಟಕ ಪ್ರಕಟವಾಯಿತು. ಅದರಲ್ಲಿ 128ರಿಂದ 159ರ ವರೆಗಿನ 32 ಸ್ಥಾನಗಳಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳಿರಲಿಲ್ಲ. ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್-1252 ಎಂಬ ಕೋಷ್ಟಕ ಇವುಗಳಲ್ಲಿ 27ನ್ನು ತುಂಬಿ ಐದನ್ನು ಖಾಲಿಯಾಗಿಯೇ ಉಳಿಸಿತು. ಈ ಐದು ಖಾಲಿ ಸ್ಥಾನಗಳು 129, 141, 143, 144 ಮತ್ತು 157. ಇವು ಕನ್ನಡಕ್ಕೆ ತಂದೊಡ್ಡುವ ಆಪತ್ತನ್ನು ಮುಂದೆ ನೋಡಲಿದ್ದೇವೆ.

ಭಾರತದಲ್ಲಿ ಇಸ್ಕಿ ಎಂಬ ಕೋಷ್ಟಕವು 1988ರಲ್ಲಿ ರೂಪುಗೊಂಡು, 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮನ್ನಣೆಯನ್ನು ಪಡೆಯಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಒಂದೇ ಕುಟುಂಬದವು ಎಂಬ ತತ್ವವನ್ನು ಅದು ಆಧರಿಸಿತ್ತು. ಕನ್ನಡದ ಕ, ದೇವನಾಗರಿಯ ಕ, ತಮಿಳಿನ ಕ, ಎಲ್ಲಕ್ಕೂ ಅದರಲ್ಲಿ 179 ಎಂಬ ಒಂದೇ ಸಂಖ್ಯೆ. ಆದರೆ ಜಾಲಪುಟಗಳಲ್ಲಿ ಹರಡಿದುದು ಇಸ್ಕಿಯಲ್ಲ, ಬೇರೊಂದು ಉಪಾಯ. ಇಂಗ್ಲಿಷ್ ಹಾಗೂ ಯೂರೋಪಿನ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರ, ಒತ್ತು, ಕೊಂಬು, ತಲಕಟ್ಟುಗಳ ಚಿತ್ರಗಳನ್ನು ಕೂರಿಸಿದ ಫಾಂಟುಗಳನ್ನು ತಯಾರಿಸುವುದೇ ಆ ಉಪಾಯ. ಗಣಕದ ದೃಷ್ಟಿಯಲ್ಲಿ ಅಲ್ಲಿರುವುದು ರೋಮನ್ ಅಕ್ಷರಗಳು. ಫಾಂಟೆಂಬ ಮುಖವಾಡವನ್ನು ತೊಡಿಸಿದಾಗ ಮಾತ್ರ ಅವು ಕನ್ನಡವಾಗಿ ತೋರುತ್ತವೆ. ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳು ಆರಂಭದಲ್ಲಿ ಈ ಮಾರ್ಗವನ್ನೇ ಹಿಡಿದುವು. ಬೇರೆ ದಾರಿ ಸುಲಭವಾಗಿರದಿದ್ದ ಆ ಕಾಲದಲ್ಲಿ ಲಕ್ಷಾಂತರ ಪುಟಗಳ ಕನ್ನಡ ಬರವಣಿಗೆ ಸಾಧ್ಯವಾದುದು ಇದರಿಂದಲೇ ಎಂಬುದನ್ನು ಮರೆಯಬಾರದು.

ಆದರೆ ಈ ಮುಖವಾಡ ಓದುಗನ ಗಣಕದಲ್ಲಿಯೂ ಇರಬೇಕಷ್ಟೆ? ಇಲ್ಲಿ ಬ್ರೌಸರುಗಳ ಭಿನ್ನತೆ ಅಡ್ಡಬಂದಿತು. 1997ರಲ್ಲಿ ಹೊರಬಂದ ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರುಗಳ ನಾಲ್ಕನೆಯ ಆವೃತ್ತಿಗಳು ಪುಟದ ಜೊತೆಗೆ ಫಾಂಟನ್ನೂ ತರಿಸಿಕೊಳ್ಳಬಲ್ಲವಾಗಿದ್ದುವು. ಆದರೆ ಅವೆರಡರ ಫಾಂಟು ಕಡತಗಳ ರಚನೆಯೇ ಬೇರೆ ಬೇರೆ. ಒಂದಕ್ಕೆಂದು ಸಿದ್ಧಪಡಿಸಿದ ಕಡತ ಮತ್ತೊಂದಕ್ಕೆ ಉಪಯೋಗಕ್ಕೆ ಬಾರದು. ಹೀಗಾಗಿ ಒಂದು ಬ್ರೌಸರಿನಲ್ಲಿ ಅಚ್ಚುಕಟ್ಟಾದ ಕನ್ನಡವಾಗಿದ್ದ ಪುಟ ಮತ್ತೊಂದರಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗುತ್ತಿತ್ತು. ಎಲ್ಲ ಪ್ರಮುಖ ಬ್ರೌಸರುಗಳೂ ಒಪ್ಪುವ ವಾಫ್ ಎಂಬ ಫಾಂಟು ರಚನೆಗೆ ಜಾಲದ ಮಾನಕ ಸಂಸ್ಥೆಯ ಶಿಫಾರಸು ದೊರೆತದ್ದು 2012ರಲ್ಲಿ.

ಮೂರು ಬೈಟುಗಳ ಕನ್ನಡ

ಈ ಗೊಂದಲಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. ಪ್ರಪಂಚದ ಎಲ್ಲ ಲಿಪಿಗಳ ಎಲ್ಲ ಅಕ್ಷರಗಳಿಗೂ ಒಂದೊಂದು ಪ್ರತ್ಯೇಕ ಸಂಖ್ಯೆಯನ್ನು ಕೊಡುವುದೇ ಅದರ ಉದ್ದೇಶ. 1991ರಲ್ಲಿ ಪ್ರಕಟವಾದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರ ವರೆಗಿನ 128 ಸ್ಥಾನಗಳು ಮೀಸಲಾದುವು. ಒಳಗಿನ ಕ್ರಮ ಇಸ್ಕಿಯನ್ನೇ ಅನುಸರಿಸಿತು. ಕನ್ನಡದ ‘ಕ’ ಅಕ್ಷರದ ಸಂಖ್ಯೆ 3221. ಇದು ಜಗತ್ತಿನ ಯಾವ ಗಣಕದಲ್ಲಿಯೂ ಮತ್ತಾವ ಅಕ್ಷರವೂ ಅಲ್ಲ.

ಆದರೆ ಬೈಟಿನಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 255. 3221ನ್ನು ಅದರಲ್ಲಿ ಇಡುವುದು ಹೇಗೆ? ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ವಿಜ್ಞಾನಿಗಳು 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಪದ್ಧತಿ ಇದಕ್ಕೆ ಸೊಗಸಾದ ಉತ್ತರವನ್ನು ಕೊಟ್ಟಿತು. ದ್ವಿಮಾನ ಪದ್ಧತಿಯಲ್ಲಿ 3221 ಎಂದರೆ 0000110010010101. ಈ ಹದಿನಾರು ಅಂಕಿಗಳನ್ನು 0000, 110010, 010101 ಎಂದು ಮೂರು ತುಂಡುಗಳಾಗಿ ಒಡೆಯೋಣ. ಮೊದಲನೆಯ ತುಂಡಿನ ಹಿಂದೆ 1110 ಎಂಬ ಗುರುತನ್ನೂ, ಉಳಿದೆರಡರ ಹಿಂದೆ 10 ಎಂಬ ಗುರುತನ್ನೂ ಸೇರಿಸಿದರೆ 11100000, 10110010, 10010101 ಎಂಬ ಮೂರು ಬೈಟುಗಳು ದೊರೆಯುತ್ತವೆ. ಸಾಮಾನ್ಯ ಸಂಖ್ಯೆಗಳಲ್ಲಿ ಹೇಳುವುದಾದರೆ ಇವು 224, 178, 149.

‘ಮೂರು ಬೈಟುಗಳ ಅಕ್ಷರ ಇಲ್ಲಿಂದ ಪ್ರಾರಂಭ’ ಎಂದು ಮೊದಲನೆಯ ಗುರುತು ಸಾರುತ್ತದೆ. ‘ನಾನು ಹಿಂದಿನದರ ಮುಂದುವರಿಕೆ’ ಎಂದು ಉಳಿದ ಗುರುತುಗಳು ಹೇಳುತ್ತವೆ. ಬೈಟುಗಳ ಪ್ರವಾಹದ ನಡುವೆ ಎಲ್ಲಿ ಇಳಿದರೂ ಅಕ್ಷರದ ಅಂಚನ್ನು ಕಂಡುಕೊಳ್ಳಬಹುದು. ಇಂಗ್ಲಿಷಿನ ಹಳೆಯ 128 ಅಕ್ಷರಗಳು ಮಾತ್ರ ಎಂದಿನಂತೆ ಒಂದೇ ಬೈಟಿನಲ್ಲಿ ಉಳಿಯುತ್ತವೆ. ಅಕ್ಷರ ಕೆಟ್ಟ ಪುಟದಲ್ಲಿಯೂ ಇಂಗ್ಲಿಷ್ ಪದಗಳು ಸುಭದ್ರವಾಗಿರುವುದಕ್ಕೆ ಇದೇ ಕಾರಣ. ಇಂಗ್ಲಿಷಿನಲ್ಲಿಯೇ ಪರೀಕ್ಷೆ ಮಾಡಿ ‘ಎಲ್ಲವೂ ಸರಿಯಾಗಿದೆ’ ಎಂದು ಹೇಳಿದವನ ಪುಟದಲ್ಲಿ ಕನ್ನಡ ಕೆಡುವುದಕ್ಕೂ ಕಾರಣ ಇದೇ.

ಕನ್ನಡದ ಪ್ರತಿಯೊಂದು ಸಂಖ್ಯೆಯನ್ನೂ ಹೀಗೆಯೇ ಒಡೆದು ನೋಡಿದರೆ ಒಂದು ಸ್ವಾರಸ್ಯ ಗೋಚರಿಸುತ್ತದೆ. ಮೊದಲನೆಯ ಬೈಟು ಯಾವಾಗಲೂ 224. ಎರಡನೆಯದು 178 ಅಥವಾ 179. ಸ್ವರಗಳು, ವ್ಯಂಜನಗಳು ಬಹುತೇಕ 178ರ ಪಾಲಿಗೆ. ಕೊಂಬು, ಎತ್ವ, ಹಲಂತ ಮುಂತಾದ ಹಲವು ಚಿಹ್ನೆಗಳು 179ರ ಪಾಲಿಗೆ. ಮೂರನೆಯ ಬೈಟು ಮಾತ್ರ 128ರಿಂದ 191ರ ವರೆಗೆ ಬದಲಾಗುತ್ತಿರುತ್ತದೆ.

ವಿಕಾರಗಳ ಲಕ್ಷಣ

ಈಗ ಲೇಖನದ ಮೊದಲಲ್ಲಿ ಹೇಳಿದ ವಿಕಾರಗಳಿಗೆ ಬರೋಣ.

ಮೊದಲನೆಯದು, ಓರೆಗೆರೆಯ ‘ಎ’ಗಳ ಸಾಲು. ಯುಟಿಎಫ್-8ರಲ್ಲಿ ಬರೆದ ಪುಟವನ್ನು ಬ್ರೌಸರು ವಿಂಡೋಸ್-1252 ಎಂದು ಭಾವಿಸಿ ಓದಿದೆ ಎನ್ನೋಣ. ಆ ಕೋಷ್ಟಕದಲ್ಲಿ 224 ಎಂದರೆ ಓರೆಗೆರೆಯ ‘ಎ’, 178 ಎಂದರೆ ಮೇಲೇರಿದ 2, 149 ಎಂದರೆ ಗುಂಡು ಚುಕ್ಕೆ. ನಮ್ಮ ‘ಕ’ ಅಕ್ಷರವೇ ಹೀಗೆ ಮೂರು ಚೂರಾಗಿ ನಿಂತಿದೆ. 179 ಎಂದರೆ ಮೇಲೇರಿದ 3. ಆದ್ದರಿಂದ ‘ಎ’ ಅಕ್ಷರದ ಬಳಿಕ ಪುಟ್ಟ 2 ಮತ್ತು 3 ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಅಡಗಿರುವುದು ಕನ್ನಡವೇ ಎಂದು ನಿಶ್ಚಯವಾಗಿ ಹೇಳಬಹುದು. ಅವುಗಳ ಬದಲು ಉಷ್ಣತೆಯ ಡಿಗ್ರಿ ಚಿಹ್ನೆಯೂ ‘ಅಧಿಕ ಅಥವಾ ಊನ’ ಎಂಬ ಜೋಡಿ ಚಿಹ್ನೆಯೂ ಕಂಡುಬಂದರೆ ಅದು ತೆಲುಗು. ಜಪಾನಿನ ನಾಣ್ಯವಾದ ಯೆನ್ ಚಿಹ್ನೆ ಆಗಿಂದಾಗ್ಗೆ ಇಣುಕಿದರೆ ಅದು ದೇವನಾಗರಿ. ಒಂದಕ್ಷರವನ್ನೂ ಓದಲಾಗದ ಪುಟದ ಭಾಷೆಯನ್ನು ಹೀಗೆ ಗುರುತಿಸಬಹುದಾದುದು ವಿಸ್ಮಯವಲ್ಲವೆ? ಇಲ್ಲಿ ಬೈಟುಗಳು ಕೆಟ್ಟಿಲ್ಲ; ಓದು ಮಾತ್ರ ಕೆಟ್ಟಿದೆ. ಸರಿಯಾದ ಕೋಷ್ಟಕವನ್ನು ಸೂಚಿಸಿದೊಡನೆಯೇ ಕನ್ನಡ ಮರಳಿ ಬರುತ್ತದೆ.

ಇದರ ಮುಂದಿನ ಹಂತ ಇನ್ನೂ ತೊಡಕಿನದು. ತಪ್ಪಾಗಿ ಓದಿದ ಆ ಮೂರು ಚೂರುಗಳನ್ನೇ ನಿಜವಾದ ಅಕ್ಷರಗಳೆಂದು ನಂಬಿ ಯಾವುದೋ ತಂತ್ರಾಂಶ ಅವನ್ನು ಮತ್ತೆ ಯುಟಿಎಫ್-8ರಲ್ಲಿ ಬರೆದಿಟ್ಟರೆ, ಓರೆಗೆರೆಯ ‘ಎ’ಗೆ ಎರಡು, ಪುಟ್ಟ 2ಕ್ಕೆ ಎರಡು, ಗುಂಡು ಚುಕ್ಕೆಗೆ ಮೂರು, ಒಟ್ಟು ಏಳು ಬೈಟುಗಳಾಗುತ್ತವೆ. ಮೂರು ಬೈಟುಗಳ ‘ಕ’ ಏಳಕ್ಕೆ ಬೆಳೆದುದು ರೋಗದ ಬಾವೇ ಹೊರತು ಪುಷ್ಟಿಯಲ್ಲ. ಇಂಥ ಕಡತವನ್ನು ಯುಟಿಎಫ್-8 ಎಂದು ಸರಿಯಾಗಿಯೇ ಓದಿದರೂ ಕನ್ನಡ ಕಾಣುವುದಿಲ್ಲ. ಎರಡು ಸಲ ಹಾಕಿದ ಗಂಟನ್ನು ಎರಡು ಸಲ ಬಿಚ್ಚಬೇಕು. ಅದೂ ಹಾಕಿದ ಕ್ರಮಕ್ಕೆ ವಿಲೋಮವಾಗಿ.

ಹೀಗೆ ಬಿಚ್ಚುವಾಗಲೇ ಐದು ಖಾಲಿ ಸ್ಥಾನಗಳ ಆಪತ್ತು ಎದುರಾಗುತ್ತದೆ. ಒತ್ತಕ್ಷರಗಳಿಗೆಲ್ಲ ಆಧಾರವಾದ ಹಲಂತ ಚಿಹ್ನೆಯ ಬೈಟುಗಳು 224, 179, 141. ಉಕಾರದ ಕೊಂಬಿನ ಬೈಟುಗಳು 224, 179, 129. ಎರಡರ ಕೊನೆಯ ಬೈಟುಗಳೂ ವಿಂಡೋಸ್-1252ರ ಖಾಲಿ ಸ್ಥಾನಗಳ ಮೇಲೆಯೇ ಬೀಳುತ್ತವೆ. ಏ, ಐ, ಝ ಅಕ್ಷರಗಳದೂ ಇದೇ ಪಾಡು. ಈಚಿನ ಬ್ರೌಸರುಗಳು ಖಾಲಿ ಸ್ಥಾನದ ಬೈಟನ್ನು ಕಣ್ಣಿಗೆ ಕಾಣದ ಚಿಹ್ನೆಯಾಗಿ ಜೋಪಾನ ಮಾಡುತ್ತವೆ. ಆದರೆ ‘ಕೋಷ್ಟಕದಲ್ಲಿಲ್ಲದ್ದು ನನಗೆ ಬೇಡ’ ಎಂದು ಅದನ್ನು ತೆಗೆದೊಗೆದು ಪ್ರಶ್ನಾರ್ಥಕವನ್ನಿಡುವ ತಂತ್ರಾಂಶಗಳೂ ಇವೆ. ಆಗ ‘ಪುಸ್ತಕ’ ಎಂಬ ಪದವನ್ನು ಎಷ್ಟೇ ಜಾಣತನದಿಂದ ಬಿಚ್ಚಿದರೂ ಉಳಿಯುವುದು ‘ಪಸತಕ’. ‘ಕನ್ನಡ’ದಲ್ಲಿ ಉಳಿಯುವುದು ‘ಕನನಡ’. 224, 179 ಎಂಬ ಅನಾಥ ಜೋಡಿಯನ್ನು ಕಂಡು ಅಲ್ಲಿ ಹಲಂತವೋ ಕೊಂಬೋ ಇತ್ತೆಂದು ಊಹಿಸಬಹುದು. ಎರಡರಲ್ಲಿ ಯಾವುದೆಂಬುದನ್ನು ನಿಘಂಟಿನ ಸಹಾಯದಿಂದ ಮನುಷ್ಯನೇ ನಿರ್ಣಯಿಸಬೇಕು. ಸಾಮಾನ್ಯ ಪದಗಳಿಗೆ ಇದು ಸಾಧ್ಯ. ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳಿಗೆ ಯಾವ ನಿಘಂಟು ನೆರವಾದೀತು?

ಎರಡನೆಯ ವಿಕಾರ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇದು ಎಲ್ಲಕ್ಕಿಂತ ಘೋರವಾದುದು. ಕನ್ನಡಕ್ಕೆ ಎಡೆಯೇ ಇಲ್ಲದ ಕೋಷ್ಟಕಕ್ಕೆ ಕನ್ನಡವನ್ನು ಪರಿವರ್ತಿಸಲು ಹೊರಟಾಗ ತಂತ್ರಾಂಶ ತಾನರಿಯದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕವನ್ನು ಬರೆದುಬಿಡುತ್ತದೆ. ‘ಕನ್ನಡ’ ಎಂಬುದು ಕಣ್ಣಿಗೆ ಮೂರಕ್ಷರವಾದರೂ ಗಣಕಕ್ಕೆ ಕ, ನ, ಹಲಂತ, ನ, ಡ ಎಂದು ಐದು. ಅದರ ಎಡೆಯಲ್ಲಿ ಐದು ಪ್ರಶ್ನಾರ್ಥಕಗಳು ನಿಲ್ಲುತ್ತವೆ. ದತ್ತಾಂಶ ಕೋಶಗಳಲ್ಲಿ ಇದು ಹಿಂದೆ ಹೆಚ್ಚಾಗಿ ಸಂಭವಿಸುತ್ತಿತ್ತು. ಬಹು ಪ್ರಚಲಿತವಾದ ಮೈಎಸ್‌ಕ್ಯುಎಲ್ ಎಂಬ ಕೋಶದಲ್ಲಿ, ನಾವು ಬೇರೆ ಹೇಳದಿದ್ದರೆ, 2018ರ ಎಂಟನೆಯ ಆವೃತ್ತಿಯ ವರೆಗೆ ಪಶ್ಚಿಮ ಯೂರೋಪಿನ ಕೋಷ್ಟಕವೇ ಜಾರಿಯಲ್ಲಿತ್ತು. ಹೀಗೆ ಬರೆಯಲಾದ ಪ್ರಶ್ನಾರ್ಥಕದ ಹಿಂದೆ ಏನೂ ಅಡಗಿಲ್ಲ. ಹಳೆಯ ಪ್ರತಿಯೊಂದಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಲಕ್ಷಣ, ಕಪ್ಪು ವಜ್ರದಾಕೃತಿಯೊಳಗಿನ ಬಿಳಿಯ ಪ್ರಶ್ನಾರ್ಥಕ. ‘ಈ ಬೈಟುಗಳು ಯುಟಿಎಫ್-8ರ ನಿಯಮಕ್ಕೆ ಒಪ್ಪುತ್ತಿಲ್ಲ’ ಎಂದು ಬ್ರೌಸರು ಎತ್ತಿ ತೋರಿಸುವ ಬಾವುಟವಿದು. ಹಳೆಯ ಫಾಂಟು ಪದ್ಧತಿಯ ಕಡತವನ್ನು ಯುಟಿಎಫ್-8 ಎಂದು ಓದಿದಾಗ ಇದು ಕಾಣಿಸುತ್ತದೆ. ಮೂರು ಬೈಟುಗಳ ಅಕ್ಷರವನ್ನು ನಡುವೆ ಕತ್ತರಿಸಿದಾಗಲೂ ಕಾಣಿಸುತ್ತದೆ. ಇಪ್ಪತ್ತು ಬೈಟುಗಳಷ್ಟೇ ಎಡೆಯಿರುವ ಕಡೆ ಕನ್ನಡದ ಆರು ಅಕ್ಷರಗಳು ಹಿಡಿಸಿ, ಏಳನೆಯದರ ಎರಡು ಬೈಟುಗಳು ಮಾತ್ರ ಉಳಿದರೆ ಸಾಲಿನ ಕೊನೆಯಲ್ಲಿ ಒಂದು ವಜ್ರ ಹೊಳೆಯುತ್ತದೆ. ವಜ್ರ ತೆರೆಯ ಮೇಲಿರುವ ತನಕ ಮೂಲ ಬೈಟುಗಳು ಕಡತದಲ್ಲಿ ಕ್ಷೇಮವಾಗಿರುತ್ತವೆ. ಆ ಸ್ಥಿತಿಯಲ್ಲಿಯೇ ಕಡತವನ್ನು ಉಳಿಸಿಬಿಟ್ಟರೆ ವಜ್ರವೇ ಅಕ್ಷರವಾಗಿ ಸೇರಿಕೊಂಡು, ಮೂಲ ಅಳಿಸಿಹೋಗುತ್ತದೆ.

ಮೂರನೆಯದು ಖಾಲಿ ಚೌಕಗಳು. ಇದು ಸೌಮ್ಯವಾದ ವಿಕಾರ. ಬೈಟುಗಳೂ ಸರಿ, ಕೋಷ್ಟಕವೂ ಸರಿ. ಆ ಅಕ್ಷರದ ಚಿತ್ರವನ್ನು ಹೊಂದಿದ ಫಾಂಟು ಮಾತ್ರ ಗಣಕದಲ್ಲಿಲ್ಲ. ವಿಂಡೋಸ್ ಗಣಕಗಳಿಗೆ ತುಂಗಾ ಎಂಬ ಕನ್ನಡ ಫಾಂಟು 2001ರ ಎಕ್ಸ್‌ಪಿ ಆವೃತ್ತಿಯ ಜೊತೆಗೆ ಬಂದಿತು. ಅದಕ್ಕೆ ಮುಂಚಿನ ಗಣಕಗಳಲ್ಲಿ ಸರಿಯಾದ ಯೂನಿಕೋಡ್ ಕನ್ನಡವೂ ಚೌಕಗಳಾಗಿಯೇ ಕಾಣುತ್ತಿತ್ತು.

ನಾಲ್ಕನೆಯದಾಗಿ, ಅಕ್ಷರಗಳು ಕನ್ನಡವೇ ಆಗಿದ್ದು ಒತ್ತುಗಳು ಕೆಳಗೆ ಇಳಿಯದೆ ಬಿಡಿಬಿಡಿಯಾಗಿ ನಿಲ್ಲುವುದುಂಟು. ಯೂನಿಕೋಡ್ ಕೇವಲ ಸಂಖ್ಯೆಗಳ ಅನುಕ್ರಮವನ್ನು ಹೇಳುತ್ತದೆ. ನ, ಹಲಂತ, ನ ಎಂಬ ಮೂರನ್ನು ‘ನ್ನ’ ಎಂಬ ಒಂದು ಆಕೃತಿಯಾಗಿ ಬೆಸೆಯುವುದು ಅಕ್ಷರ ಜೋಡಣೆಯ ತಂತ್ರಾಂಶದ ಕೆಲಸ. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳು ಹಾರ್ಫ್‌ಬಜ್ ಎಂಬುದನ್ನು ಬಳಸುತ್ತವೆ; ಆಪಲ್ ಕಂಪೆನಿಯ ಸಫಾರಿ ತನ್ನದೇ ವ್ಯವಸ್ಥೆಯನ್ನು ಬಳಸುತ್ತದೆ. ಆದ್ದರಿಂದ ಒಂದೇ ಪದ ಎರಡು ಬ್ರೌಸರುಗಳಲ್ಲಿ ಸ್ವಲ್ಪ ಭಿನ್ನವಾಗಿ ತೋರಬಹುದು. ‘ರ‍್ಯಾಂಕ್’ ಎಂಬ ಪದದಲ್ಲಿ ಅರ್ಕಾವೊತ್ತು ಬಾರದಂತೆ ತಡೆಯಲು ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇಡಬೇಕು. ‘ಕಾಣದ ಚಿಹ್ನೆಗಳು ಕಸ’ ಎಂದು ಯಾವುದಾದರೂ ತಂತ್ರಾಂಶ ಅದನ್ನು ಗುಡಿಸಿಹಾಕಿದರೆ ಪದ ‘ರ್ಯಾಂಕ್’ ಆಗಿ ತಿರುಗುತ್ತದೆ.

ಬ್ರೌಸರು ನಿರ್ಧರಿಸುವ ಬಗೆ

ಪುಟವನ್ನು ಯಾವ ಕೋಷ್ಟಕದಿಂದ ಓದಬೇಕೆಂಬುದನ್ನು ಬ್ರೌಸರು ಹೇಗೆ ತಿಳಿಯುತ್ತದೆ? ಅದು ಮೂರು ಸಾಕ್ಷಿಗಳನ್ನು ಕ್ರಮವಾಗಿ ವಿಚಾರಿಸುತ್ತದೆ. ಕಡತದ ಆರಂಭದಲ್ಲಿಯೇ 239, 187, 191 ಎಂಬ ಮೂರು ಬೈಟುಗಳ ಮುದ್ರೆಯಿದ್ದರೆ ಅದು ಯುಟಿಎಫ್-8. ಈ ಸಾಕ್ಷಿ ಎಲ್ಲಕ್ಕಿಂತ ಪ್ರಬಲ. ಎರಡನೆಯದು, ಪುಟವನ್ನು ಕಳುಹಿಸುವ ಸರ್ವರು ಪುಟಕ್ಕೆ ಮುಂಚಿತವಾಗಿ ಕಳುಹಿಸುವ ತಲೆಬರಹ. ಮೂರನೆಯದು, ಪುಟದೊಳಗೆ ಬರೆದವನೇ ‘ಚಾರ್‌ಸೆಟ್ ಯುಟಿಎಫ್-8’ ಎಂದು ಮಾಡುವ ಘೋಷಣೆ. ಈ ಘೋಷಣೆ ಪುಟದ ಮೊದಲ 1024 ಬೈಟುಗಳೊಳಗೆ ಇರಬೇಕೆಂದು ನಿಯಮವಿದೆ. ಉದ್ದವಾದ ಟಿಪ್ಪಣಿಗಳನ್ನು ಮೇಲೆ ಬರೆದು ಘೋಷಣೆಯನ್ನು ಅವುಗಳ ಕೆಳಗೆ ತಳ್ಳಿದರೆ ಅದಿದ್ದೂ ಇಲ್ಲದಂತಾಗಬಹುದು.

ಮೂರೂ ಸಾಕ್ಷಿಗಳಿಲ್ಲದಿದ್ದಲ್ಲಿ ಬ್ರೌಸರು ಊಹಿಸತೊಡಗುತ್ತದೆ. ಕೆಲವು ಬ್ರೌಸರುಗಳು ಬೈಟುಗಳ ಸ್ವರೂಪವನ್ನು ನೋಡಿ ಊಹಿಸುತ್ತವೆ. ಕೆಲವು ಬಳಕೆದಾರನ ಭಾಷೆ, ಪ್ರದೇಶಗಳನ್ನು ನೋಡಿ ವಿಂಡೋಸ್-1252ನ್ನೋ ಮತ್ತೊಂದನ್ನೋ ಹಿಡಿಯುತ್ತವೆ. ಒಂದೇ ಪುಟ ಎರಡು ಬ್ರೌಸರುಗಳಲ್ಲಿ ಎರಡು ರೂಪದಲ್ಲಿ ತೋರುವ ರಹಸ್ಯ ಹೆಚ್ಚಾಗಿ ಇಲ್ಲಿದೆ. ದೋಷ ಬ್ರೌಸರಿನದೆಂದು ದೂರುವ ಮುಂಚೆ, ನಾವು ಅದಕ್ಕೆ ಹೇಳಬೇಕಾದುದನ್ನು ಹೇಳಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಹಾಗೆಯೇ, ತನ್ನ ಗಣಕದಲ್ಲಿ ಸರಿಯಾಗಿ ಕಂಡ ಪುಟ ಜಾಲಕ್ಕೇರಿಸಿದ ಮೇಲೆ ಕೆಟ್ಟರೆ ಸರ್ವರಿನ ತಲೆಬರಹವನ್ನು ಸಂಶಯಿಸಬೇಕು. ಅದು ಪುಟದೊಳಗಿನ ಘೋಷಣೆಗಿಂತ ಮೇಲಿನ ಸಾಕ್ಷಿಯಲ್ಲವೆ?

ದೋಷವನ್ನು ಹುಡುಕುವ ವಿಧಾನ

ವಿದ್ಯುನ್ಮಂಡಲದಲ್ಲಿ ದೀಪ ಉರಿಯದಿದ್ದರೆ ನಾವು ಎಲ್ಲ ಭಾಗಗಳನ್ನೂ ಒಟ್ಟಿಗೆ ಬದಲಾಯಿಸುವುದಿಲ್ಲ. ವೋಲ್ಟ್‌ಮಾಪಕವನ್ನು ಹಿಡಿದು ಒಂದೊಂದು ಸಂಧಿಯಲ್ಲಿಯೂ ಅಳೆಯುತ್ತ ಹೋಗಿ, ಎಲ್ಲಿಯವರೆಗೆ ವಿದ್ಯುತ್ತಿದೆ, ಎಲ್ಲಿಂದ ಮುಂದೆ ಇಲ್ಲ ಎಂಬುದನ್ನು ಗೊತ್ತುಮಾಡುತ್ತೇವೆ. ಅಕ್ಷರದ ಪಯಣದಲ್ಲಿಯೂ ಸಂಧಿಗಳಿವೆ: ಬರೆಯುವ ಸಂಪಾದಕ ತಂತ್ರಾಂಶ, ಕಡತ, ದತ್ತಾಂಶ ಕೋಶ, ಅದನ್ನು ತಲಪಿಸುವ ಸಂಪರ್ಕ, ಸರ್ವರು, ಬ್ರೌಸರು, ಕೊನೆಗೆ ಫಾಂಟು. ಇಲ್ಲಿ ನಮ್ಮ ಮಾಪಕವೆಂದರೆ ಬೈಟುಗಳನ್ನು ಸಂಖ್ಯೆಗಳಾಗಿಯೇ ತೋರಿಸುವ ಸಣ್ಣ ಉಪಕರಣ. ‘ಕ’ ಎಂಬ ಒಂದೇ ಅಕ್ಷರವನ್ನು ಒಂದು ತುದಿಯಿಂದ ಕಳುಹಿಸಿ ಪ್ರತಿಯೊಂದು ಸಂಧಿಯಲ್ಲಿಯೂ ನೋಡಬೇಕು. 224, 178, 149 ಕಂಡರೆ ಅಲ್ಲಿಯವರೆಗೆ ಎಲ್ಲವೂ ಸರಿ. ಏಳು ಬೈಟುಗಳು ಕಂಡರೆ ಅದರ ಹಿಂದಿನ ಸಂಧಿಯಲ್ಲಿ ಎರಡನೆಯ ಗಂಟು ಬಿದ್ದಿದೆ. 63 ಎಂಬ ಒಂದೇ ಬೈಟು ಕಂಡರೆ ಅದು ಪ್ರಶ್ನಾರ್ಥಕ. ಅಕ್ಷರ ಅಲ್ಲಿಗೆ ಮುಂಚೆಯೇ ಅಳಿದಿದೆ. 239, 191, 189 ಕಂಡರೆ ಅದು ವಜ್ರ. ತೆರೆಯ ಮೇಲಿನ ರೂಪ ನಮ್ಮನ್ನು ವಂಚಿಸಬಹುದು. ಏಕೆಂದರೆ ತೆರೆಯೂ ಒಂದು ಕೋಷ್ಟಕದ ಮೂಲಕವೇ ಓದಿ ತೋರಿಸುತ್ತದೆ. ಬೈಟುಗಳು ವಂಚಿಸಲಾರವು.

ಕೆಟ್ಟುದನ್ನು ಕಂಡೊಡನೆ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ, ರಕ್ಷಣೆ. ಕಡತದ ಒಂದು ಪ್ರತಿಯನ್ನು ತೆರೆಯದೆ, ಮತ್ತೆ ಉಳಿಸದೆ, ಇದ್ದಂತೆಯೇ ಬೇರೆಡೆ ಇರಿಸಬೇಕು. ಪ್ರಯೋಗಗಳೆಲ್ಲ ನಕಲಿನ ಮೇಲೆ ನಡೆಯಬೇಕು. ವಿಕಾರವಾಗಿ ಕಾಣುವ ಮೂಲದಲ್ಲಿ ಅಕ್ಷರಗಳು ಇನ್ನೂ ಜೀವಂತವಾಗಿರಬಹುದು. ಅವಸರದಲ್ಲಿ ಒಮ್ಮೆ ಉಳಿಸಿದ ಮಾತ್ರಕ್ಕೆ ಅವು ಇಲ್ಲವಾಗಬಹುದು.

ಹೊಸದಾಗಿ ಬರೆಯುವವರಿಗೆ ನಿಯಮ ಸರಳವಾಗಿದೆ. ಎಲ್ಲ ಸಂಧಿಗಳಲ್ಲಿಯೂ ಯುಟಿಎಫ್-8 ಒಂದನ್ನೇ ಬಳಸುವುದು, ಅದನ್ನು ಬಾಯಿಬಿಟ್ಟು ಘೋಷಿಸುವುದು, ಕನ್ನಡದ ಪದಗಳಿಂದಲೇ ಪರೀಕ್ಷಿಸುವುದು. ಪರೀಕ್ಷೆಗೆ ‘ಪುಸ್ತಕ’ದಂತೆ ಕೊಂಬೂ ಒತ್ತೂ ಇರುವ ಪದವನ್ನು ಆರಿಸಿಕೊಂಡರೆ ಐದು ಖಾಲಿ ಸ್ಥಾನಗಳ ಆಪತ್ತು ಒಡನೆಯೇ ಬಯಲಾಗುತ್ತದೆ.

ಹಳೆಯದರ ವಿಷಯದಲ್ಲಿ ಹೊಣೆ ದೊಡ್ಡದು. ಫಾಂಟು ಪದ್ಧತಿಯಲ್ಲಿ ಬರೆಯಲಾದ ಪುಸ್ತಕಗಳು, ಪತ್ರಗಳು, ಸಂಘಸಂಸ್ಥೆಗಳ ದಾಖಲೆಗಳು ಇಂದಿಗೂ ಎಷ್ಟೋ ಗಣಕಗಳಲ್ಲಿ ಮಲಗಿವೆ. ಅವುಗಳ ಬೈಟುಗಳ ಜೊತೆಗೆ ಅವನ್ನು ಓದುವ ಕೋಷ್ಟಕ ಯಾವುದೆಂಬ ತಿಳಿವಳಿಕೆಯೂ ಉಳಿದರೆ ಮಾತ್ರ ಅವು ಕನ್ನಡವಾಗಿ ಉಳಿಯುತ್ತವೆ. ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಈಗ ದೊರೆಯುತ್ತಿರುವಾಗಲೇ ಆ ಕಾರ್ಯ ನಡೆಯಬೇಕು. ಶಿಲಾಶಾಸನದ ಕಲ್ಲು ಸವೆದರೂ ಉಳಿದ ಗೆರೆಗಳಿಂದ ಅಕ್ಷರವನ್ನು ಊಹಿಸಬಹುದು. ಪ್ರಶ್ನಾರ್ಥಕವಾಗಿ ಮಾರ್ಪಟ್ಟ ಬೈಟಿನಲ್ಲಿ ಊಹಿಸಲು ಗೆರೆಯೂ ಉಳಿದಿರುವುದಿಲ್ಲ. ಆದ್ದರಿಂದ ಬೈಟುಗಳನ್ನು ಕಾಪಾಡುವಷ್ಟೇ ಎಚ್ಚರದಿಂದ ಅವುಗಳ ಮಾನವನ್ನೂ ಕಾಪಾಡುವುದು ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬರ ಕರ್ತವ್ಯವಾಗಿದೆ.